ಗೇಟು ತೆರೆದ ಸೋಮವಾರ

ನಮ್ಮ ಊರಿನಲ್ಲಿ ಒಂದು ಓಣಿಯಿಂದ ಇನ್ನೊಂದು ಓಣಿಗೆ ಹೋಗಬೇಕಾದರೆ ಮಿಲ್ಲಿನ ಗೇಟಿನ ಮುಂದೆ ಹಾದೇ ಹೋಗಬೇಕು. ಯಾವ ದಾರಿ ಹಿಡಿದರೂ ಅಷ್ಟೇ. ಎಡಕ್ಕೆ ತಿರುಗಿದರೂ, ಬಲಕ್ಕೆ ತಿರುಗಿದರೂ, ರಸ್ತೆ ಬಿಟ್ಟು ಹೊಲದ ಬದುವಿನ ಮೇಲೆ ನಡೆದರೂ ಸ್ವಲ್ಪ ಹೊತ್ತಿಗೆ ಆ ಕಪ್ಪು ಕಬ್ಬಿಣದ ಗೇಟು ಎದುರಾಗುತ್ತದೆ. ಅದನ್ನು ದಾಟಿದ ಮೇಲೆಯೇ ಹೋಗಬೇಕಾದ ಜಾಗ ಸಿಗುವುದು. ಮಿಲ್ಲು ನಡೆಯುತ್ತಿದ್ದ ಕಾಲದಲ್ಲಿ ಇದು ಯಾರಿಗೂ ತೊಂದರೆ ಅನ್ನಿಸಿರಲಿಲ್ಲ. ನಾಲ್ಕು ಸಾವಿರ ಜನ ದಿನವೂ ಹೋಗಬೇಕಾಗಿದ್ದದ್ದು ಅಲ್ಲಿಗೇ. ಆಮೇಲೆ ಮಿಲ್ಲು ಮುಚ್ಚಿತು. ದಾರಿಗಳು ಮಾತ್ರ ತಮ್ಮ ರೂಢಿ ಬಿಡಲಿಲ್ಲ.

ಜನ ಅದಕ್ಕೆ ಹೊಂದಿಕೊಂಡರು. ಹಿತ್ತಲ ಗೋಡೆ ಒಂದೇ ಆಗಿದ್ದು ಬಾಗಿಲು ಬೇರೆ ಬೇರೆ ಓಣಿಗೆ ಇರುವ ಮನೆಯವರು, ರಸ್ತೆ ಹಿಡಿದರೆ ಒಂದೂವರೆ ಮೈಲಿ ಆಗುತ್ತದೆಂದು, ಪಲ್ಯದ ಬಟ್ಟಲನ್ನು ಗೋಡೆಯ ಮೇಲಿಂದಲೇ ಕೊಟ್ಟು ತೆಗೆದುಕೊಳ್ಳುತ್ತಿದ್ದರು. ಪೋಸ್ಟಮನ್ ಮನೆಮನೆ ಅಲೆಯುವುದನ್ನು ಬಿಟ್ಟು ಗೇಟಿನ ಎದುರು ಬೇವಿನ ಕಟ್ಟೆಯ ಮೇಲೆ ಕೂತು, ಹಾದುಹೋಗುವವರನ್ನು ಹೆಸರು ಹಿಡಿದು ಕರೆದು ಕಾಗದ ಕೊಡುತ್ತಿದ್ದ. ಎಷ್ಟೋ ಮನೆಗಳ ಹೆಣ್ಣು ನೋಡುವ ಶಾಸ್ತ್ರ ಅಲ್ಲೇ ನಿಂತ ನಿಲುವಿನಲ್ಲಿ ಮುಗಿದದ್ದುಂಟು. ಯಾರಿಗೆ ಯಾರದೋ ಮುಖ ನೋಡುವುದು ಬೇಡವಾಗಿತ್ತೋ ಅವರಿಗೆ ಮಾತ್ರ ನಮ್ಮದು ಕಷ್ಟದ ಊರು.

ಅಂಥವರಲ್ಲಿ ನಾನೂ ಒಬ್ಬ. ನನ್ನ ಹೆಸರು ಫಕೀರಪ್ಪ. ಮೊದಲು ಮಿಲ್ಲಿನ ನೂಲುವ ಖಾತೆಯಲ್ಲಿ, ಅಂದರೆ ನೂಲು ತೆಗೆಯುವ ಶೆಡ್ಡಿನಲ್ಲಿ, ಇದ್ದೆ. ನನಗೆ ಆ ಕೆಲಸ ಹಚ್ಚಿದವನು ನನ್ನ ಅಣ್ಣ ಯಮನಪ್ಪ. ಅವನು ಅದೇ ಗೇಟಿನ ಕಾವಲುಗಾರ. ನನಗಿಂತ ಎಂಟು ವರ್ಷಕ್ಕೆ ದೊಡ್ಡವನು, ಮದುವೆಯಾಗಲಿಲ್ಲ. ಮಿಲ್ಲಿಗೆ ಕೀಲಿ ಬಿದ್ದ ದಿನ ಮ್ಯಾನೇಜರು ಅವನ ಕೈಗೆ ಕೀಲಿಕೈ ಕೊಟ್ಟು, ತಾವು ಹೇಳುವ ತನಕ ತೆರೆಯಬಾರದೆಂದು ಹೇಳಿ ಹೋದರು. ಆಮೇಲೆ ಅವರೂ ಬರಲಿಲ್ಲ, ಹೇಳಿಕೆಯೂ ಬರಲಿಲ್ಲ. ಅಣ್ಣ ಗೇಟಿನ ಪಕ್ಕದ ಕಾವಲು ಕೋಣೆಯನ್ನೇ ಮನೆ ಮಾಡಿಕೊಂಡ. ಕೆಲಸಗಾರರು ದಿನಾ ಮುಂಜಾನೆ ಏಳಕ್ಕೆ, ಪಾಳಿಯ ಹೊತ್ತಿಗೆ, ಗೇಟಿನ ಮುಂದೆ ಬಂದು ಕೂರತೊಡಗಿದರು. ಮಿಲ್ಲು ಮತ್ತೆ ಶುರುವಾಗುತ್ತದೆ ಎಂಬ ನಂಬಿಕೆ ಅವರದು.

ನಾನು ಏಳು ತಿಂಗಳು ಕೂತೆ. ಆಮೇಲೆ ಸಿಟಿ ಬಸ್ಸಿನ ಕಂಡಕ್ಟರ್ ಕೆಲಸ ಸಿಕ್ಕಿತು. ಅಣ್ಣನಿಗೆ ಹೇಳಲು ಹೋದಾಗ, ಮಿಲ್ಲು ಇನ್ನು ತೆರೆಯುವುದಿಲ್ಲ ಎಂಬ ಮಾತು ಬಾಯಿಂದ ಬಂದುಬಿಟ್ಟಿತು. ನೂರಾರು ಜನ ಕೂತಿದ್ದರು. ಅವರೆಲ್ಲರ ಎದುರಿಗೆ ಅವನು, "ಮಷೀನು ಒಳಗ ಅದಾವ. ಅವು ಇರೂತನಕ ಮಿಲ್ಲು ಸತ್ತಿಲ್ಲ. ನನ್ನ ಪಾಲಿಗೆ ನೀನ ಸತ್ತಿ," ಅಂದ. ಅವತ್ತಿನಿಂದ ನಾವು ಮಾತಾಡಲಿಲ್ಲ. ಇಪ್ಪತ್ತಮೂರು ವರ್ಷ.

ಬೇರೆ ಊರಾಗಿದ್ದರೆ ಬೇರೆ ರಸ್ತೆ ಹಿಡಿದು ಓಡಾಡಿಕೊಂಡಿರಬಹುದಿತ್ತು. ಇಲ್ಲಿ ದಿನಕ್ಕೆ ಆರು ಸಲ ಅವನ ಕಿಟಕಿಯ ಮುಂದೆ ಹಾಯಬೇಕಾಗಿತ್ತು. ಸಾಲದ್ದಕ್ಕೆ, ಹನ್ನೊಂದು ವರ್ಷದ ಹಿಂದೆ ನನಗೆ ಕಂಟ್ರೋಲರ್ ಅಂತ ಬಡ್ತಿಯಾಯಿತು. ಎಲ್ಲ ಬಸ್ಸುಗಳೂ ಗೇಟಿನ ಮುಂದೆಯೇ ಬರುತ್ತವಾದ್ದರಿಂದ ನನ್ನ ತಗಡಿನ ಚೌಕಿಯನ್ನು ಅಲ್ಲೇ ಇಟ್ಟರು. ಅವನ ಕಿಟಕಿಗೂ ನನ್ನ ಸ್ಟೂಲಿಗೂ ಹತ್ತು ಹೆಜ್ಜೆ. ಅವನ ಕೆಮ್ಮು ಯಾವಾಗ ಹೆಚ್ಚಾಯಿತು ಅಂತ ನನಗೆ ಗೊತ್ತು. ನಾನು ಯಾವಾಗ ಕನ್ನಡಕ ಹಾಕಿದೆ ಅಂತ ಅವನಿಗೆ ಗೊತ್ತು. ನನ್ನ ಹೆಂಡತಿ ಸಾವಂತ್ರಿ ದಿನಾ ಮಧ್ಯಾಹ್ನ ನನ್ನ ಕಣ್ಣೆದುರಿಗೇ ಅವನ ಕಿಟಕಿಯಲ್ಲಿ ರೊಟ್ಟಿಯ ಗಂಟು ಇಟ್ಟು ಬರುತ್ತಿದ್ದಳು. ನಾನು ಬೇಡ ಅನ್ನಲಿಲ್ಲ. ಕೊಡು ಅಂತಲೂ ಎಂದೂ ಹೇಳಿರಲಿಲ್ಲ.

ಊರು ಬೆಳೆಯಿತು. ಸೈಕಲ್ಲು ಹೋಗಿ ಬೈಕು ಬಂದವು, ಆಟೊ ಬಂದವು, ಕಾರು ಬಂದವು. ಗೇಟಿನ ಮುಂದಿನ ರಸ್ತೆ ಇಪ್ಪತ್ತೆರಡು ಅಡಿ. ಒಂದು ಬದಿಗೆ ಮಿಲ್ಲಿನ ಗೋಡೆ, ಇನ್ನೊಂದು ಬದಿಗೆ ನಾವಿರುವ ಚಾಳ, ನಲವತ್ತೆಂಟು ಮನೆ. ಊರಿನ ಅಷ್ಟೂ ಗಾಡಿಗಳು ಅದರ ನಡುವೆ ತೂರಬೇಕು. ನಗರಸಭೆಯವರು ಊರ ಸುತ್ತ ರಿಂಗ್ ರೋಡ್ ಮಾಡಿಸಿದರು. ಉದ್ಘಾಟನೆಯ ದಿನ ಹೂವಿನ ಹಾರ ಹಾಕಿಕೊಂಡ ಬಸ್ಸು ಊರ ಹೊರಗೆ ಹೊರಟು, ಇಪ್ಪತ್ತು ನಿಮಿಷಕ್ಕೆ ನನ್ನ ಚೌಕಿಯ ಮುಂದೆ ಬಂದು ನಿಂತಿತು. ನಾನು ವೇಳೆ ಬರೆದುಕೊಂಡು ಸೀಟಿ ಊದಿ ಕಳಿಸಿದೆ. ಆಮೇಲೊಂದು ವರ್ಷ ಹತ್ತನೆಯ ಇಯತ್ತೆಯ ಪರೀಕ್ಷೆಯ ದಿನ ಇನ್ನೂರು ಮಕ್ಕಳು ಗೇಟಿನ ಮುಂದೆ ಸಿಕ್ಕಿಕೊಂಡರು. ಗಣಿತದ ಪೇಪರು ನಲವತ್ತು ನಿಮಿಷ ತಡವಾಯಿತು. ಒಬ್ಬ ಹುಡುಗಿ ಬಸ್ಸಿನ ಪಾವಟಿಗೆಯ ಮೇಲೆ ಕೂತು ಅತ್ತದ್ದನ್ನು ನೋಡಿ ಊರಿಗೆ ಊರೇ ನಗರಸಭೆಯ ಮೇಲೆ ಸಿಟ್ಟಾಯಿತು.

ಆಗ ರಾಜಧಾನಿಯಿಂದ ರೇಷ್ಮಾ ಮುಲ್ಲಾ ಅನ್ನುವ ಇಂಜಿನಿಯರ್ ಮೇಡಂ ಬಂದರು. ಊರುಗಳ ರಸ್ತೆ, ಬಸ್ಸು ಹೇಗಿರಬೇಕೆಂದು ಯೋಜನೆ ಹಾಕುವುದು ಅವರ ಕೆಲಸ. ಮೊದಲ ದಿನ ಲಾಡ್ಜಿನಿಂದ ನಗರಸಭೆಗೆ ಹೊರಟು ಎಲ್ಲರ ಹಾಗೆ ನನ್ನ ಮುಂದೆ ಬಂದು ನಿಂತರು. ಬಂದ ಪರಸ್ಥಳದವರೆಲ್ಲ ಇದು ಯಾಕೆ ಹೀಗೆ ಅಂತ ಕೇಳುತ್ತಾರೆ. ಅವರು ಇಲ್ಲಿಂದ ಎಷ್ಟು ಹೊತ್ತಾಗುತ್ತದೆ ಅಂತ ಕೇಳಿದರು. ಆಗಲೇ ನನಗೆ ಅವರ ಮೇಲೆ ಒಂದು ಗೌರವ ಹುಟ್ಟಿತು. ಮೂರು ದಿನ ನನ್ನ ಪಕ್ಕದಲ್ಲೇ ನಿಂತು ಗಾಡಿ ಎಣಿಸಿದರು. ನನ್ನ ಹನ್ನೊಂದು ವರ್ಷದ ವೇಳೆಯ ಪುಸ್ತಕಗಳನ್ನು ಒಯ್ದು ಓದಿ, ಧೂಳು ಒರೆಸಿ ವಾಪಸು ತಂದುಕೊಟ್ಟರು.

ನಾಲ್ಕನೆಯ ದಿನ ಚಾಳದ ಗೋಡೆಗಳ ಮೇಲೆ ಕೆಂಪು ಬಣ್ಣದಲ್ಲಿ ನಂಬರು ಬಿದ್ದವು. ನಮ್ಮ ಮನೆಗೆ ಹದಿನೇಳು. ರಸ್ತೆಯನ್ನು ಎಂಬತ್ತು ಅಡಿ ಮಾಡಬೇಕು, ಚಾಳ ಪೂರ್ತಿ ಹೋಗುತ್ತದೆ, ನಮಗೆಲ್ಲ ಊರ ಹೊರಗೆ ಮನೆ ಕಟ್ಟಿಸಿಕೊಡುತ್ತಾರೆ ಅಂತ ಸುದ್ದಿ. ಸಾವಂತ್ರಿ ಸೀಮೆಎಣ್ಣೆ ಹಚ್ಚಿ ತಿಕ್ಕಿದಳು, ಬಣ್ಣ ಹೋಗಲಿಲ್ಲ. ಆ ಮನೆಯಲ್ಲೇ ನಮ್ಮ ಅವ್ವ ತೀರಿಕೊಂಡಿದ್ದಳು. ನನ್ನ ಇಬ್ಬರು ಹೆಣ್ಣುಮಕ್ಕಳು ಹುಟ್ಟಿದ್ದೂ ಅಲ್ಲೇ.

ಗುರುವಾರ ಮೇಡಂ ತಾವಾಗಿಯೇ ನನ್ನ ಚೌಕಿಗೆ ಬಂದು, ಬೇರೆ ದಾರಿ ಕಾಣಲಿಲ್ಲ ಅಂತ ಹೇಳಿದರು. ಸೋಮವಾರ ಸಂಜೆಯೊಳಗೆ ನಕ್ಷೆ ಒಪ್ಪಿಸಬೇಕಂತೆ. ಅವರ ಮುಖವೂ ಬಾಡಿತ್ತು. ಹನ್ನೊಂದು ವರ್ಷ ಅದೇ ಸ್ಟೂಲಿನ ಮೇಲೆ ಕೂತು ನನಗೆ ಹೊಳೆದದ್ದನ್ನು ನಾನು ಯಾರ ಹತ್ತಿರವೂ ಆಡಿರಲಿಲ್ಲ. ಅವತ್ತು ಆಡಿದೆ.

"ಮೇಡಂ, ಎಲ್ಲಾ ರಸ್ತೆನೂ ಗೇಟಿನ ತನಕ ಬರ್ತಾವ. ಗೇಟು ಮುಚ್ಚೈತಿ ಅಂತ ಹೊರಗ ಗುದ್ದಾಡ್ತಾವ. ತೆಗದ್ರ ಒಳಗ ಹೋಗ್ತಾವಲ್ರಿ. ಒಳಗ ನಲವತ್ತು ಎಕರೆ ಐತಿ."

ಅವರು ತಿರುಗಿ ಗೇಟಿನ ಕಡೆ ನೋಡಿದರು. ಆ ಜಾಗ ಹೋದ ವರ್ಷವೇ ಕೋರ್ಟಿನ ಮೂಲಕ ನಗರಸಭೆಗೆ ಬಂದಿದೆ, ತಾವೂ ವಿಚಾರಿಸಿದ್ದುಂಟು ಅಂದರು. ಆದರೆ ಗೇಟು ಮುಟ್ಟಿದರೆ ಹಳೆಯ ಕೆಲಸಗಾರರು ಅಡ್ಡ ಮಲಗುತ್ತಾರೆ, ಕಾವಲುಗಾರ ಕೀಲಿಕೈ ಕೊಡುವುದಿಲ್ಲ ಅಂತ ಎಲ್ಲರೂ ಹೆದರಿಸಿದರಂತೆ. ಪೊಲೀಸರನ್ನು ಕರೆದರೆ ಅರ್ಧ ಗಂಟೆಯ ಕೆಲಸ, ತಮಗೆ ಅದು ಬೇಕಾಗಿಲ್ಲ ಅಂದರು. ಆಮೇಲೆ ಕೇಳಿದರು: "ಕೀಲಿಕೈ ಇಟ್ಟುಕೊಂಡಿರುವವರು ನಿಮಗೆ ಪರಿಚಯವೇ?"

"ನಮ್ಮಣ್ಣ ಆಗಬೇಕ್ರಿ," ಅಂದೆ.

"ಹಾಗಾದರೆ ಒಂದು ಮಾತು ಕೇಳಿ ನೋಡಿ."

ನಾವು ಮಾತಾಡುವುದಿಲ್ಲ ಅಂತ ಹೇಳಬೇಕಾಯಿತು. ಅವರು ನನ್ನ ಸ್ಟೂಲಿಗೂ ಆ ಕಿಟಕಿಗೂ ನಡುವೆ ಇದ್ದ ನೆಲವನ್ನು ನೋಡಿದರು. ನನಗೆ ನಾಚಿಕೆಯಾಯಿತು.

ಶುಕ್ರವಾರವೂ ಹೋಗಲು ಮನಸ್ಸಾಗಲಿಲ್ಲ. ಶನಿವಾರ ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಾಗ ಸಾವಂತ್ರಿ ರೊಟ್ಟಿಯ ಗಂಟು ಕಟ್ಟಿ ನನ್ನ ಮುಂದೆ ಇಟ್ಟಳು. ನನ್ನ ತಾಟಿಗೆ ಇನ್ನೂ ಬಡಿಸಿರಲಿಲ್ಲ.

"ಇಪ್ಪತ್ಮೂರು ವರ್ಷ ನಾ ಒಯ್ದೀನಿ," ಅಂದಳು. "ಇವತ್ತ ನೀವ ಒಯ್ರಿ. ಭಾವಾರು ಉಂಡ ಮ್ಯಾಲೆ ಬಂದು ಉಣ್ರಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಗಂಟು ಹಿಡಿದುಕೊಂಡು ರಸ್ತೆ ದಾಟಿದೆ. ಕಿಟಕಿಯಲ್ಲಿ ಗಂಟು ಇಟ್ಟಾಗ ಒಳಗಿನಿಂದ ಕೈ ಬಂತು, ನನ್ನ ಕೈ ನೋಡಿ ನಿಂತಿತು. ಆಮೇಲೆ ಅವನು ಎದ್ದು ಬಂದು ಮುಖ ತೋರಿಸಿದ. ಹತ್ತಿರದಿಂದ ನೋಡಿದರೆ ಎಷ್ಟು ಮುದುಕನಾಗಿದ್ದ. ಹುಬ್ಬು ಕೂಡ ಬೆಳ್ಳಗಾಗಿತ್ತು.

"ಚಾಳ ಕೆಡವತಾರಂತ ಅಣ್ಣಾ," ಅಂದೆ. ಅಷ್ಟು ವರ್ಷದ ಮೇಲೆ ಮೊದಲ ಮಾತು ಬೇರೆ ಏನಾದರೂ ಆಗಿರಬೇಕಿತ್ತು. ನನಗೆ ಬಂದದ್ದು ಅದೇ.

"ಕೆಂಪು ಹಚ್ಚಿದ್ದು ಕಾಣತೈತಿ ಇಲ್ಲಿಂದ," ಅಂದ.

ನಾನು ಮೇಡಂ ಹೇಳಿದ್ದನ್ನೆಲ್ಲ ಹೇಳಿದೆ. ಗೇಟು ತೆರೆದರೆ ಚಾಳ ಉಳಿಯುತ್ತದೆ. ತೆರೆದರೆ ಮಿಲ್ಲು ಮಾತ್ರ ಇನ್ನು ಎಂದೂ ಶುರುವಾಗುವುದಿಲ್ಲ, ಅಲ್ಲಿ ಬಸ್ ಸ್ಟ್ಯಾಂಡ್ ಆಗುತ್ತದೆ. ಅವನು ಬೈಯುತ್ತಾನೆ ಅಂದುಕೊಂಡಿದ್ದೆ. ಬೈಯಲಿಲ್ಲ. ಗೋಡೆಯ ಮೊಳೆಯಿಂದ ಕೀಲಿಕೈ ತೆಗೆದುಕೊಂಡು ಹೊರಗೆ ಬಂದು, ಗೇಟಿನೊಳಗಿನ ದಿಡ್ಡಿ ಬಾಗಿಲನ್ನು ಒಬ್ಬರು ಹೋಗುವಷ್ಟು ತೆರೆದು, ಒಳಗೆ ಬಾ ಅಂತ ಸನ್ನೆ ಮಾಡಿದ.

ಒಳಗೆ ಮೊಳಕಾಲುದ್ದ ಹುಲ್ಲು ಬೆಳೆದಿತ್ತು. ಅವನು ನಡೆದು ನಡೆದು ಮಾಡಿದ ಒಂದೇ ಒಂದು ಕಾಲುದಾರಿ ನೂಲುವ ಖಾತೆಯ ಕಡೆಗೆ ಹೋಗುತ್ತಿತ್ತು. ದೊಡ್ಡ ಬಾಗಿಲನ್ನು ಇಬ್ಬರೂ ಸೇರಿ ತಳ್ಳಿದೆವು. ನಾನು ಹದಿನಾಲ್ಕು ವರ್ಷ ದುಡಿದ ಜಾಗ ಅದು. ಕಿವಿ ಕಿವುಡಾಗುವಷ್ಟು ಸದ್ದಿರುತ್ತಿತ್ತು. ಈಗ ಪಾರಿವಾಳಗಳು ಒಮ್ಮೆಲೇ ಎದ್ದವು. ಒಂದು ಮಷೀನೂ ಇರಲಿಲ್ಲ. ನೆಲದ ತುಂಬ ತುಕ್ಕು ಹಿಡಿದ ಬೋಲ್ಟುಗಳು ಸಾಲುಸಾಲಾಗಿ ನಿಂತಿದ್ದವು, ಅಷ್ಟೇ.

ಕೀಲಿ ಬಿದ್ದ ಎರಡನೆಯ ಬೇಸಿಗೆಯಲ್ಲಿ, ಊರೆಲ್ಲ ಬಿಸಿಲಿಗೆ ಬಾಗಿಲು ಹಾಕಿಕೊಂಡು ಮಲಗಿರುವ ಹೊತ್ತಿನಲ್ಲಿ, ಮಾಲೀಕರ ಕಡೆಯವರು ಹಿಂದಿನ ರೈಲು ಹಳಿಯಿಂದ ವ್ಯಾಗನ್ ತಂದು ಹನ್ನೆರಡು ದಿನದಲ್ಲಿ ಎಲ್ಲವನ್ನೂ ಬಿಚ್ಚಿ ಒಯ್ದರಂತೆ. ಮಿಲ್ಲಿನ ಹಿಂದಿನ ಆ ಹಳಿಯ ಕಡೆಗೆ ಊರಿನ ಯಾವ ದಾರಿಯೂ ಹೋಗದ್ದರಿಂದ ಯಾರ ಕಣ್ಣಿಗೂ ಬೀಳಲಿಲ್ಲ. ಯಾಕೆ ಹೇಳಲಿಲ್ಲ ಅಂತ ಕೇಳಿದೆ. ನನ್ನ ದನಿ ಏರಿತ್ತು.

ಅವನು ಒಂದು ಬೋಲ್ಟಿನ ಮೇಲೆ ಕಾಲಿಟ್ಟು ನಿಂತು ಹೇಳಿದ: "ಕಡೀ ವ್ಯಾಗನ್ ಹೋದ ಮರುದಿನ ಮುಂಜಾನೆ ಜಮಾದಾರ ದಾವಲಸಾಬ ಕೇಳಿದ, ಮಷೀನಿಗೆ ಎಣ್ಣಿ ಹಾಕಾಕತ್ತೀಯಿಲ್ಲೋ ಅಂತ. ಅವನ ಹಿಂದ ಅಷ್ಟೂ ಮಂದಿ ನನ್ನ ಮಾರಿ ನೋಡಾಕತ್ತಿದ್ರು. ಹಾಕಾಕತ್ತೀನಿ ಅಂದೆ. ಒಂದ ಸಲ ಅಂದ ಮ್ಯಾಲೆ ದಿನಾ ಅನ್ನಬೇಕಾತು."

ಬೋಲ್ಟಿನ ಮೇಲಿಂದ ಕಾಲು ತೆಗೆದು ಮತ್ತೆ ಅಂದ: "ನಿನ್ನ ಮುಂದ ಹೇಳಬೇಕಂತಿದ್ದೆ. ನೀ ಆಡಿದ ಮಾತ ಖರೇ ಆಗಿತ್ತಲ್ಲ. ಅದಕ್ಕ ಹೇಳಾಕಾಗಲಿಲ್ಲ."

ನನಗೆ ಸಿಟ್ಟು ಬರಬೇಕಾಗಿತ್ತು, ಬಂದಿತ್ತು ಕೂಡ. ಆದರೆ ಇಪ್ಪತ್ತೆರಡು ವರ್ಷ ಒಬ್ಬನೇ ಈ ಖಾಲಿ ಖಾತೆಯನ್ನು ಕಾದವನ ಮೇಲೆ ಎಷ್ಟು ಹೊತ್ತು ಸಿಟ್ಟು ಮಾಡುವುದು? ಅಲ್ಲೇ ನೆಲದ ಮೇಲೆ ಕೂತೆವು. ಅವನು ಗಂಟು ಬಿಚ್ಚಿ ಅರ್ಧ ರೊಟ್ಟಿ ಮುರಿದು ನನ್ನ ಕೈಗಿಟ್ಟ. ತಿನ್ನುತ್ತಾ ನಿಶ್ಚಯ ಮಾಡಿದೆವು. ಪೊಲೀಸರು ಬೇಡ, ನಗರಸಭೆಯವರೂ ಬೇಡ. ಸೋಮವಾರ ಮುಂಜಾನೆ ಏಳಕ್ಕೆ ಅವನೇ ಗೇಟು ತೆರೆಯುತ್ತಾನೆ. ಅವನಿಗೆ ಇದ್ದ ಭಯ ಒಂದೇ, ದಾವಲಸಾಬನದು. ಹತ್ತಿ ಹಿಂಜುವ ಖಾತೆಯ ಜಮಾದಾರನಾಗಿದ್ದ ದಾವಲಸಾಬನಿಗೆ ಈಗ ಎಪ್ಪತ್ತೆಂಟು. ಇಷ್ಟು ವರ್ಷದಲ್ಲಿ ಒಂದು ಮುಂಜಾನೆಯೂ ತಪ್ಪಿಸಿರಲಿಲ್ಲ.

ಸೋಮವಾರ ಹನ್ನೊಂದು ಜನ ಬಂದಿದ್ದರು. ಇದ್ದದ್ದೇ ಅಷ್ಟು ಜನ. ಉಳಿದವರು ತೀರಿಕೊಂಡಿದ್ದರು, ಇಲ್ಲವೇ ಬೇರೆ ದುಡಿಮೆ ಹಿಡಿದಿದ್ದರು. ಮೇಡಂ ನನ್ನ ಚೌಕಿಯ ಹಿಂದೆ ನಿಂತುಕೊಂಡರು. ನಾನು ಎರಡೂ ಕಡೆಯ ಬಸ್ಸುಗಳನ್ನು ನಿಲ್ಲಿಸಿದೆ. ಸುದ್ದಿ ಹೇಗೋ ಹಬ್ಬಿತ್ತು, ಗಾಡಿಯವರು ಹಾರ್ನ್ ಹೊಡೆಯಲಿಲ್ಲ. ಅಣ್ಣ ಹಳೆಯ ಖಾಕಿ ಅಂಗಿ ಹಾಕಿಕೊಂಡು ಹೊರಗೆ ಬಂದ. ದೊಡ್ಡ ಬಾಗಿಲಿನ ಕೀಲಿಯ ಕೊಂಡಿ ತುಕ್ಕು ಹಿಡಿದಿತ್ತು, ಕಲ್ಲಿನಿಂದ ನಾಲ್ಕು ಏಟು ಹಾಕಬೇಕಾಯಿತು. ಗೇಟಿನ ಎರಡೂ ಬಾಗಿಲುಗಳನ್ನು ಹೊರಗಿದ್ದ ಡ್ರೈವರುಗಳು, ಕಂಡಕ್ಟರುಗಳು ಸೇರಿ ತಳ್ಳಿದರು.

ದಾವಲಸಾಬ ಮೊದಲು ಒಳಗೆ ಹೋದ. ಯಾರ ಕೈಯನ್ನೂ ಹಿಡಿಯಲಿಲ್ಲ. ನೇರವಾಗಿ ತನ್ನ ಖಾತೆಗೆ ನಡೆದು, ತನ್ನ ಮಷೀನು ಇದ್ದ ಜಾಗದಲ್ಲಿ ನಿಂತು, ನೆಲ ನೋಡಿದ, ಗೋಡೆ ನೋಡಿದ, ಮೇಲೆ ನೋಡಿದ. ನಾವೆಲ್ಲ ಬಾಗಿಲಲ್ಲೇ ನಿಂತಿದ್ದೆವು. ಒಬ್ಬ ಮುದುಕ ಬಿಕ್ಕಿ ಬಿಕ್ಕಿ ಅಳತೊಡಗಿದ. ಅಣ್ಣ ಕೈಕಟ್ಟಿಕೊಂಡು ಮುಂದೆ ಹೋಗಿ, ಆದದ್ದನ್ನೆಲ್ಲ, ತಾನು ಹೇಳಿದ ಸುಳ್ಳು ಸಮೇತ, ಒಪ್ಪಿಸಿದ.

ದಾವಲಸಾಬ ಪೂರ್ತಿ ಕೇಳಿದ. ಹೊಡೆಯುತ್ತಾನೇನೋ ಎಂದು ನಾನು ಎರಡು ಹೆಜ್ಜೆ ಮುಂದೆ ಇಟ್ಟೆ. ಅವನು ನಿಧಾನವಾಗಿ ಗೋಡೆಗೆ ಬೆನ್ನು ಕೊಟ್ಟು ಕೂತು ಕಾಲು ಚಾಚಿದ. ಟೊಪ್ಪಿಗೆ ತೆಗೆದು ಮೊಳಕಾಲ ಮೇಲೆ ಇಟ್ಟುಕೊಂಡ.

"ಹಂಗಾರ ನಾಳೆ ಮುಂಜಾನೆ ಬರೂದು ಬ್ಯಾಡಲ್ಲ?" ಅಂತ ಕೇಳಿದ.

"ಬ್ಯಾಡ," ಅಂದ ಅಣ್ಣ.

"ಮಗಳು ಹತ್ತು ವರ್ಷದಿಂದ ಕರಿಯಾಕತ್ತಾಳ, ಒಂದೆರಡು ತಿಂಗಳ ಇದ್ದು ಹೋಗು ಬಾ ಅಂತ. ಪಾಳಿ ತಪ್ಪತೈತಿ ಅಂತ ಹೋಗಿರಲಿಲ್ಲ." ಇಷ್ಟು ಹೇಳಿ ಅವನು ಒಂದು ದೊಡ್ಡ ಉಸಿರು ಬಿಟ್ಟ. ಹೊತ್ತ ಮೂಟೆ ಇಳಿಸಿದ ಹಮಾಲನ ಉಸಿರಿನ ಹಾಗಿತ್ತು ಅದು. ಅತ್ತವನೂ ಕಣ್ಣೊರೆಸಿಕೊಂಡು ಅವನ ಪಕ್ಕದಲ್ಲಿ ಕೂತ. ಹನ್ನೊಂದು ಜನರೂ ಕೂತರು. ಸ್ವಲ್ಪ ಹೊತ್ತಿಗೆ ಯಾರೋ ತಮ್ಮ ಮೇಸ್ತ್ರಿಯಾಗಿದ್ದ ಹಳೆಯ ಜಾಬರನ ನಡಿಗೆಯ ಅಣಕ ಮಾಡಿದರು, ನಗು ಕೇಳಿಸಿತು. ಮೇಡಂ ಅವರಿಗೆಲ್ಲ ಚಹಾ ತರಿಸಿದರು. ಅವತ್ತು ಸಂಜೆ ಅವರು ಒಪ್ಪಿಸಿದ್ದು ಬೇರೆ ನಕ್ಷೆ.

ಎಲ್ಲವೂ ಅಷ್ಟು ಸುಲಭವಾಗಿ ಮುಗಿಯಿತೆಂದು ಹೇಳಲಾರೆ. ದಾವಲಸಾಬ ಎಂಟು ದಿನ ಅಣ್ಣನ ಕಡೆ ಮುಖ ತಿರುಗಿಸಲಿಲ್ಲ. ಆದರೆ ಮಸೀದಿಗೆ ಹೋಗಬೇಕಾದರೂ ಪೇಟೆಗೆ ಹೋಗಬೇಕಾದರೂ ಅವನ ಮುಂದೆಯೇ ಹಾಯಬೇಕಲ್ಲ. ಒಂಬತ್ತನೆಯ ದಿನ ತಾನೇ ನಿಂತು, ಮಗಳ ಊರಿಗೆ ಹೊರಟಿದ್ದೇನೆ ಅಂತ ಹೇಳಿ ಹೋದ. ಚಾಳದವರು ಕೆಂಪು ನಂಬರುಗಳ ಮೇಲೆ ಸುಣ್ಣ ಬಳಿದರು. ಎರಡು ಸಲ ಬಳಿದ ಮೇಲೆ ಕಾಣದಾಯಿತು.

ಕೆಲಸ ಎಂಟು ತಿಂಗಳು ನಡೆಯಿತು. ಖಾತೆಗಳ ಗೋಡೆ ಒಡೆಯಲಿಲ್ಲ, ಅವುಗಳ ಚಾವಣಿಯ ಕೆಳಗೇ ಬಸ್ಸು ನಿಲ್ಲುವ ಕಟ್ಟೆಗಳಾದವು. ಹಿಂದಿನ ಗೋಡೆ ಒಡೆದು ಹೊರಹೋಗುವ ದಾರಿ ಮಾಡಿದರು. ಗೇಟಿನ ಬಾಗಿಲುಗಳನ್ನು ಕಿತ್ತು ಕೆಳಗಿಡುವ ದಿನ ಊರಿನ ಹಿರಿಯರು ಕೆಲವರು ಬಹಳ ಹೆದರಿದ್ದರು. ಗೇಟೇ ಹೋದರೆ ರಸ್ತೆಗಳು ದಿಕ್ಕು ತಪ್ಪಿ ಯಾರೂ ಎಲ್ಲಿಗೂ ಮುಟ್ಟದಂತಾದರೆ ಏನು ಗತಿ ಅಂತ. ನನಗೂ ಒಳಗೊಳಗೇ ಅಳುಕಿತ್ತು. ರೈಲ್ವೆ ಸ್ಟೇಶನ್ ಕಡೆಯ ಬಸ್ಸು ಹತ್ತೂಕಾಲಿಗೆ ಬರಬೇಕು. ಹತ್ತೂಕಾಲಿಗೆ ಬಂತು. ಡ್ರೈವರ್ ಅಭ್ಯಾಸಬಲದಿಂದ ಗೇಟಿದ್ದ ಕಮಾನಿನ ಮುಂದೆ ಬ್ರೇಕ್ ಹಾಕಿ ನನ್ನ ಮುಖ ನೋಡಿದ. ಒಳಗೆ ಹೋಗು ಅಂತ ಕೈ ಮಾಡಿದೆ. ಹೋದ, ಹಿಂದಿನಿಂದ ಹೊರಬಿದ್ದ, ಆಸ್ಪತ್ರೆಯ ಸ್ಟಾಪಿಗೆ ಒಂಬತ್ತು ನಿಮಿಷಕ್ಕೆ ಮುಟ್ಟಿದೆ ಅಂತ ಫೋನ್ ಮಾಡಿದ. ಮೊದಲು ಅದಕ್ಕೆ ಐವತ್ತು ನಿಮಿಷ ಹಿಡಿಯುತ್ತಿತ್ತು.

ಈಗಲೂ ನಮ್ಮ ಊರಿನಲ್ಲಿ ಎಲ್ಲಿಗೆ ಹೋಗಬೇಕಾದರೂ ಅಲ್ಲಿಗೆ ಬಂದೇ ಹೋಗಬೇಕು. ಬಂದವರು ಎರಡು ನಿಮಿಷದಲ್ಲಿ ಮುಂದೆ ಸಾಗುತ್ತಾರೆ, ಅಷ್ಟೇ ವ್ಯತ್ಯಾಸ. ಕಾವಲು ಕೋಣೆಯನ್ನು ವಿಚಾರಣೆಯ ಕಿಟಕಿ ಮಾಡಿದ್ದಾರೆ. ಅಲ್ಲಿ ಕೂರುತ್ತೀರಾ ಅಂತ ಮೇಡಂ ಅಣ್ಣನನ್ನು ಕೇಳಿದ್ದರು. ಅವನು ಕೈಮುಗಿದು ಬೇಡ ಅಂದ, ಟ್ರಂಕು ಹೊತ್ತುಕೊಂಡು ನಮ್ಮ ಪಡಸಾಲೆಗೆ ಬಂದ.

ಒಂದು ದಿನ ಮಾತಿನಲ್ಲಿ ತಿಳಿಯಿತು, ಕೀಲಿ ಬಿದ್ದಂದಿನಿಂದ ಅವನು ಆ ಗೇಟು ಬಿಟ್ಟು ಎಲ್ಲಿಗೂ ಹೋಗಿಯೇ ಇರಲಿಲ್ಲ. ಇಡೀ ಊರು ಅವನ ಮುಂದೆ ಹಾದುಹೋಗಿತ್ತು. ಅವನು ಮಾತ್ರ ಊರು ನೋಡಿರಲಿಲ್ಲ. ಕೆರೆಯ ಆಚೆ ಬಡಾವಣೆ ಎದ್ದದ್ದೂ, ಸಂತೆ ಮೈದಾನ ಬದಲಾದದ್ದೂ ಅವನಿಗೆ ಬಾಯಿಮಾತಿನಿಂದ ಗೊತ್ತು. ಮರುದಿನ ಅವನನ್ನು ಕರೆದುಕೊಂಡು ಹೋಗಿ ಕೆರೆಯ ಕಡೆಯ ಬಸ್ಸಿಗೆ ಹತ್ತಿಸಿದೆ. ಕಿಟಕಿಯ ಪಕ್ಕ ಕೂತು ಮುಂದಿನ ಸರಳನ್ನು ಎರಡೂ ಕೈಯಿಂದ ಹಿಡಿದುಕೊಂಡ. ಕಂಡಕ್ಟರ್ ಬಂದು ಎಲ್ಲಿಗೆ ಅಂತ ಕೇಳಿದಾಗ ಸ್ಟಾಪುಗಳ ಹೆಸರು ಗೊತ್ತಿಲ್ಲದೆ ನನ್ನ ಕಡೆ ನೋಡಿದ. ನಾನು ಕೆಳಗಿನಿಂದಲೇ, ಕೊನೆಯ ಸ್ಟಾಪಿಗೆ ಕೊಡು, ಹೋಗಿ ಬರುವುದಕ್ಕೆ, ಅಂತ ಹೇಳಿದೆ.

ಬಸ್ಸು ಹೊರಡುವ ಹೊತ್ತಿಗೆ ಅಣ್ಣ ಕಿಟಕಿಯಿಂದ ಬಗ್ಗಿ, "ಫಕ್ಕೀರಾ, ತಿರುಗಿ ಬರಾಕ ಎಷ್ಟೊತ್ತಾಕ್ಕೈತಿ?" ಅಂತ ಕೇಳಿದ.

"ಒಂದ ತಾಸು," ಅಂದೆ.

ಅವನು ಸರಳಿನಿಂದ ಕೈ ತೆಗೆದ. "ತಡಾ ಆದ್ರೂ ನಡೀತೈತಿ," ಅಂದು ಹಿಂದಕ್ಕೆ ಒರಗಿ ಕೂತ.